ಬೇರೆಯವರ ಮನೆಯ ಹಳೇ ಸಾಮಾನು ನೋಡಿ ನಮಗೇನು ಸಿಗುತ್ತದೆ?

ಇಬ್ಬರು ಸೇರಿ ತಮ್ಮ ನೆನಪು, ಮನೆತನದ ಕಥೆ ಅಂತ ಕಲಾ ಪ್ರದರ್ಶನ ಇಡುತ್ತಾರೆ, ಅವರ ಅಜ್ಜಿಯ ಫೋಟೋ, ಹಳೇ ಟ್ರಂಕು ನೋಡಿ ನನಗೇನಾಗಬೇಕು ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆಯೇ. ಇಂಥವು ಎಷ್ಟೋ ಸಲ ನನಗೂ ಬೇಜಾರು ಹಿಡಿಸಿವೆ. ಟ್ರಂಕು ಇಟ್ಟು ಅದರ ಮೇಲೊಂದು ಹಳದಿ ಬಲ್ಬು ಉರಿಸಿದ ಮಾತ್ರಕ್ಕೆ ನೋಡುವವರಿಗೆ ಏನೂ ಆಗುವುದಿಲ್ಲ. ಆದರೆ ಒಂದು ಪ್ರದರ್ಶನ ಮಾತ್ರ ಇನ್ನೂ ತಲೆಯಿಂದ ಇಳಿದಿಲ್ಲ. ಅದರ ಬಗ್ಗೆಯೇ ಹೇಳುತ್ತೇನೆ.

ಅದು ಬೀಜಿಂಗಿನ ಕಲಾವಿದ ಸಾಂಗ್ ಡಾಂಗ್ ಮತ್ತು ಅವರ ಅಮ್ಮ ಝಾವೋ ಶಿಯಾಂಗ್‌ಯುವಾನ್ ಸೇರಿ ಮಾಡಿದ್ದು. ಹೊರದೇಶಗಳಲ್ಲಿ 'ವೇಸ್ಟ್ ನಾಟ್', ಅಂದರೆ ಏನನ್ನೂ ಹಾಳು ಮಾಡಬೇಡ, ಅನ್ನೋ ಹೆಸರಲ್ಲಿ ಸುತ್ತಿತು. ಮೊದಲು ಇಟ್ಟದ್ದು 2005ರಲ್ಲಿ, ಬೀಜಿಂಗಿನಲ್ಲೇ. ನಾನು ನೋಡಿದ್ದು 2012ರಲ್ಲಿ, ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದಲ್ಲಿ. ಆಗ ಕೆಲಸದ ಮೇಲೆ ಅಲ್ಲಿದ್ದೆ. ಪ್ರವೇಶ ಉಚಿತ, ಅದಕ್ಕೇ ಹೋದೆ ಅಂದರೂ ತಪ್ಪಿಲ್ಲ.

ಬಿಲ್ಲಿನ ಹಾಗೆ ಬಾಗಿದ ಉದ್ದನೆಯ ಗ್ಯಾಲರಿ. ನೆಲದ ತುಂಬಾ ಒಂದೇ ಮನೆಯ ಸಾಮಾನು, ಹತ್ತು ಸಾವಿರಕ್ಕೂ ಜಾಸ್ತಿ. ಖಾಲಿ ಟೂತ್‌ಪೇಸ್ಟ್ ಟ್ಯೂಬುಗಳು ಒಂದು ಕಡೆ. ಬಾಟಲಿ ಮುಚ್ಚಳಗಳು ಇನ್ನೊಂದು ಕಡೆ. ಸವೆದ ಚಪ್ಪಲಿ, ಬೂಟು, ಬೇಸಿನ್ನು, ಮಕ್ಕಳ ಗೊಂಬೆ, ಬಟ್ಟೆ ಗಂಟು, ನೀಟಾಗಿ ಮಡಿಸಿದ ಪ್ಲಾಸ್ಟಿಕ್ ಕವರ್. ಜೊತೆಗೆ ಅವರ ಹಳೇ ಮನೆಯ ಮರದ ಚೌಕಟ್ಟೂ ನಿಂತಿತ್ತು. ಎಲ್ಲವನ್ನೂ ಜಾತಿವಾರು ಬೇರ್ಪಡಿಸಿ ಸಾಲಾಗಿ ಇಟ್ಟಿದ್ದರು. 'ಇದನ್ನು ನೋಡಿ ಅಳಿ' ಅನ್ನೋ ಒತ್ತಾಯ ಎಲ್ಲೂ ಇರಲಿಲ್ಲ. ನನಗೆ ಮೊದಲು ಹಿಡಿಸಿದ್ದು ಅದೇ.

ಈ ಸಾಮಾನು ಸೇರಿದ್ದು ಹೇಗೆ ಅಂತ ತಿಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಚೀನಾದಲ್ಲಿ 1950ರ ದಶಕದಿಂದ ಎಷ್ಟೋ ವರ್ಷ ಧಾನ್ಯ, ಎಣ್ಣೆ, ಬಟ್ಟೆ ಎಲ್ಲವೂ ಕೂಪನ್ ಮೇಲೆ. ಸೋಪಿಗೂ ಬರ. ಆ ಅಮ್ಮ ತಮ್ಮ ಪಾಲಿನ ಸೋಪನ್ನು ಉಳಿಸಿ ಉಳಿಸಿ ಎತ್ತಿಟ್ಟರು, ಮುಂದೆ ಮಕ್ಕಳು ಸಂಸಾರ ಹೂಡಿದಾಗ ಪರದಾಡಬಾರದು ಅಂತ. ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಮನೆಗೆ ವಾಷಿಂಗ್ ಮಷೀನು ಬಂದಿತ್ತು, ಸೋಪು ಒಣಗಿ ಗಟ್ಟಿಯಾಗಿತ್ತು. ಒಂದು ಮನೆಯ ಸೋಪಿನಲ್ಲಿ ಒಂದು ದೇಶದ ಲೆಕ್ಕಾಚಾರ ಕಾಣುತ್ತದೆ, ಅಲ್ವಾ? ನ್ಯಾಯಬೆಲೆ ಅಂಗಡಿ ಮುಂದೆ ಸೀಮೆಎಣ್ಣೆಗೆ ಕ್ಯಾನು ಹಿಡಿದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಹಾರ್ಲಿಕ್ಸ್ ಬಾಟಲಿಗಳಿಗೆ ಲೆಕ್ಕವೇ ಇರಲಿಲ್ಲ.

ಇನ್ನರ್ಧ ಉತ್ತರ ಆ 'ಇಬ್ಬರು' ಅನ್ನೋದರಲ್ಲಿದೆ. 2002ರಲ್ಲಿ ಸಾಂಗ್ ಡಾಂಗ್ ಅವರ ತಂದೆ ತೀರಿಕೊಂಡರು. ಅಮ್ಮ ಕುಸಿದುಹೋದರು. ಮನೆಯಲ್ಲಿ ಸಾಮಾನು ಇನ್ನಷ್ಟು ತುಂಬುತ್ತಾ ಹೋಯಿತು. ಮಗ ಖಾಲಿ ಮಾಡೋಣ ಅಂದರೆ ಅಮ್ಮ ಬಿಡರು. ಕೊನೆಗೆ ಮಗನೇ ಇದನ್ನೇ ಕಲೆ ಮಾಡೋಣ ಬಾ ಅಂದರು. ಎಸೆಯೋದಲ್ಲ, ಉಪಯೋಗಕ್ಕೆ ಬರುತ್ತದೆ ಅಂದ ಮೇಲೆ ಅಮ್ಮ ಒಪ್ಪಿದರು. ಅವರು ಸುಮ್ನೆ ಹೆಸರಿಗೆ ಇದ್ದವರಲ್ಲ. ಸಾಮಾನು ವಿಂಗಡಿಸಿದ್ದರಲ್ಲಿ ಅವರದೂ ಕೈ ಇತ್ತು, ಒಂದೊಂದರ ಕಥೆ ಹೇಳಿದವರೂ ಅವರೇ. ಬೀಜಿಂಗಿನಲ್ಲಿ ಅಲ್ಲೇ ಕೂತು, ಬಂದವರ ಜೊತೆ ಮಾತಾಡುತ್ತಿದ್ದರು. ಮೇಲೆ ನಿಯಾನ್ ದೀಪದ ಅಕ್ಷರಗಳು, ತೀರಿಹೋದ ತಂದೆಗೆ ಬರೆದದ್ದು: ಅಪ್ಪಾ, ಚಿಂತೆ ಮಾಡಬೇಡ, ಅಮ್ಮ ಮತ್ತು ನಾವೆಲ್ಲ ಚೆನ್ನಾಗಿದ್ದೇವೆ.

ಅಂದರೆ ಇಲ್ಲಿ ನೆನಪು ಅನ್ನೋದು ವಿಷಯ ಅಲ್ಲ, ಕೆಲಸ. ಒಬ್ಬರಿಗೆ ಏಳುವುದಕ್ಕೆ ಕಾರಣ ಬೇಕಿತ್ತು, ಇನ್ನೊಬ್ಬರು ಅದನ್ನು ಹುಡುಕಿಕೊಟ್ಟರು. ಎಷ್ಟೋ ಜೋಡಿ ಪ್ರದರ್ಶನಗಳಲ್ಲಿ ನನಗೆ ಇದು ಕಾಣುವುದಿಲ್ಲ. ಎಡಗೋಡೆ ಒಬ್ಬರದು, ಬಲಗೋಡೆ ಇನ್ನೊಬ್ಬರದು, ಬಾಡಿಗೆ ಹಂಚಿಕೊಂಡಿದ್ದಾರೆ ಅಷ್ಟೆ.

ಒಂದು ತಕರಾರು ನನ್ನದೂ ಇದೆ. ಅಮ್ಮ 2009ರಲ್ಲಿ ತೀರಿಕೊಂಡರು. ಅದೇ ವರ್ಷ ನ್ಯೂಯಾರ್ಕಿನ ಮೋಮಾ ಕಲಾ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನ ಆಯಿತು, ಆಮೇಲೆ ಲಂಡನ್ನು, ಸಿಡ್ನಿ. ಜೋಡಿಸುವ ಕೆಲಸಕ್ಕೆ ಅಕ್ಕ ಸಾಂಗ್ ಹುಯಿ, ಹೆಂಡತಿ ಯಿನ್ ಶಿಯುಝೆನ್ ಕೈಗೂಡಿಸಿದರು. (ಯಿನ್ ಅವರೂ ಹೆಸರಾದ ಕಲಾವಿದೆ.) ನಾನು ಹೋದಾಗ ಸಾಮಾನು ಇತ್ತು, ಅದರ ಬಗ್ಗೆ ಮಾತಾಡುವ ಯಜಮಾನಿ ಇರಲಿಲ್ಲ. ಗೋಡೆ ಮೇಲಿನ ಬರಹ ಓದಿಕೊಂಡು ಮುಂದೆ ಹೋಗಬೇಕು. ಬೀಜಿಂಗಿನಲ್ಲಿ ನೋಡಿದವರಿಗೆ ಸಿಕ್ಕಿದ್ದು ಬೇರೆಯೇ ಪ್ರದರ್ಶನ ಅಂತ ನನ್ನ ಅನಿಸಿಕೆ.

ನಮ್ಮ ದೇಶದ್ದು ಬೇಕಾದರೆ ಕಲಾವಿದ ವಿವಾನ್ ಸುಂದರಂ ಅವರ 'ರೀ-ಟೇಕ್ ಆಫ್ ಅಮೃತಾ' ಚಿತ್ರಗಳನ್ನು ನೋಡಿ. ತಾತ ಉಮ್ರಾವ್ ಸಿಂಗ್ ಶೇರ್‌ಗಿಲ್ ತೆಗೆದಿದ್ದ ಮನೆಮಂದಿಯ ಫೋಟೋಗಳನ್ನು ಮೊಮ್ಮಗ 2001ರ ಸುಮಾರಿಗೆ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಬೆಸೆದರು. ಕಲಾವಿದೆ ಅಮೃತಾ ಶೇರ್‌ಗಿಲ್ ಈ ಮೊಮ್ಮಗನಿಗೆ ದೊಡ್ಡಮ್ಮ. ಅಲ್ಲಿ ತಾತನಿಗೆ ಒಪ್ಪುವ ಅಥವಾ ಬೇಡ ಅನ್ನುವ ಅವಕಾಶ ಇರಲಿಲ್ಲ. ಆದರೂ ಕಣ್ಣಿಗೆ ಇಬ್ಬರ ಕೈಯೂ ಕಾಣುತ್ತದೆ.

ಮುಂದಿನ ಸಲ ಇಂಥ ಪ್ರದರ್ಶನಕ್ಕೆ ಹೋದಾಗ, ಇಬ್ಬರಲ್ಲಿ ಒಬ್ಬರ ಕೆಲಸವನ್ನು ಮನಸ್ಸಿನಲ್ಲೇ ತೆಗೆದು ನೋಡಿ. ಉಳಿದದ್ದಕ್ಕೆ ಏನೂ ಕೊರತೆ ಆಗದಿದ್ದರೆ ನಿಮಗೆ ಬೇಜಾರಾದದ್ದರಲ್ಲಿ ನಿಮ್ಮ ತಪ್ಪೇನಿಲ್ಲ. ಕಾಫಿ ಕುಡಿದು ಮನೆಗೆ ಬನ್ನಿ.