ಸಾವು ನೆನಪಾದಾಗ ಯಾರು ನಮ್ಮವರು?

‘ಸಾವಿನ ಮುಂದೆ ಎಲ್ಲರೂ ಒಂದೇ. ಅದು ನೆನಪಾದರೆ ಬಿಳಿಯ, ಕರಿಯ ಅನ್ನುವ ಭೇದ ಕರಗಬೇಕು. ಆದರೆ ಆ ಭೇದ ಜಾಸ್ತಿಯಾಗುತ್ತದೆ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಹೇಗೆ?’ – ಓದುಗರೊಬ್ಬರ ಪತ್ರ

ಪ್ರಿಯ ಓದುಗರೇ,

ನಿಮ್ಮ ತಕರಾರು ನ್ಯಾಯವಾದದ್ದೇ. ಸ್ಮಶಾನ ವೈರಾಗ್ಯ ಅಂತೀವಲ್ಲ, ಅದನ್ನೇ ನೀವು ಹೇಳುತ್ತಿದ್ದೀರಿ. ಆದರೆ ಆ ವೈರಾಗ್ಯ ಮನೆ ಮುಟ್ಟುವಷ್ಟರಲ್ಲಿ ಇಳಿದಿರುತ್ತದೆ, ಅಲ್ವಾ? ಸಾವಿನ ಯೋಚನೆ ಹಿಂದಕ್ಕೆ ಸರಿದ ಮೇಲೆ ಮನಸ್ಸು ಏನು ಮಾಡುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ತಾನು ಹೋದರೂ ಉಳಿಯುವಂಥದ್ದನ್ನು ಮನುಷ್ಯ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ ಎಂದು ಅಮೆರಿಕದ ಮಾನವಶಾಸ್ತ್ರಜ್ಞ ಅರ್ನೆಸ್ಟ್ ಬೆಕರ್ 1973ರಲ್ಲಿ ಬರೆದರು. ಧರ್ಮ, ದೇಶ, ಕುಲ, ಏನೂ ಆಗಬಹುದು. ಮುಂದೆ ಮನಶ್ಶಾಸ್ತ್ರಜ್ಞ ಜೆಫ್ ಗ್ರೀನ್‌ಬರ್ಗ್ ಮತ್ತು ಜೊತೆಗಾರರು ಇದನ್ನು ಪರೀಕ್ಷೆಗೆ ಒಡ್ಡಿದರು. ವಿಧಾನ ತೀರಾ ಸರಳ. ನಿಮ್ಮ ಸಾವನ್ನು ನೆನೆದರೆ ಏನನ್ನಿಸುತ್ತದೆ, ಸತ್ತಾಗ ದೇಹಕ್ಕೆ ಏನಾಗುತ್ತದೆ, ಬರೆಯಿರಿ. ಅಷ್ಟೇ.

1989ರ ಪ್ರಯೋಗದಲ್ಲಿ ಹೀಗೆ ಬರೆದವರು ಅಮೆರಿಕದ ಅರಿಜೋನಾ ರಾಜ್ಯದ ಕೆಲವು ನ್ಯಾಯಾಧೀಶರು. ಇನ್ನು ಕೆಲವರು ಬರೆಯಲಿಲ್ಲ. ನಂತರ ಎಲ್ಲ ನ್ಯಾಯಾಧೀಶರಿಗೂ ವೇಶ್ಯಾವೃತ್ತಿಯ ಆರೋಪ ಹೊತ್ತ ಹೆಂಗಸಿಗೆ ಜಾಮೀನು ಮೊತ್ತ ಹೇಳಿ ಎಂದರು. ಸಾವಿನ ಬಗ್ಗೆ ಬರೆಯದವರ ಸರಾಸರಿ 50 ಡಾಲರ್. ಬರೆದವರದ್ದು 455! ಸಾವು ನೆನಪಾದಾಗ ತಾವು ನಂಬಿದ ನೀತಿಯನ್ನು ಮೀರಿದವರ ಮೇಲೆ ಬಿಗಿ ಹೆಚ್ಚಿತು. ಕಾನೂನು ಓದಿಕೊಂಡವರೇ ಹೀಗೆ.

ಬಣ್ಣದ ಮಾತು ಬಂದದ್ದು 2001ರಲ್ಲಿ. ತಮ್ಮ ಜನಾಂಗದ ಬಗ್ಗೆ ಹೆಮ್ಮೆಯ ಮಾತಾಡಿದ ಬಿಳಿಯ ಮತ್ತು ಕರಿಯರಲ್ಲಿ ಯಾರು ಹೆಚ್ಚು ಜನಾಂಗವಾದಿ ಎಂದು ಬಿಳಿಯರು ಅಳೆದರು. ಮಾಮೂಲಿ ಹೊತ್ತಿನಲ್ಲಿ ಬಿಳಿಯನೇ ಎಂದರು. ಸಾವು ನೆನಪಾದ ಮೇಲೆ ತಕ್ಕಡಿ ಉಲ್ಟಾ ಹೊಡೆಯಿತು. ಗಮನಿಸಿ, ಕರಿಯರನ್ನು ಯಾರೂ ಬೈಯಲಿಲ್ಲ. ತಮ್ಮವನನ್ನು ಸುಮ್ನೆ ಮಾಫಿ ಮಾಡಿಬಿಟ್ಟರು. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದೇ.

ಹಾಗಂತ ಇದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಇದೇ ತಂಡದ ಇನ್ನೊಂದು ಹೆಸರಾಂತ ಪ್ರಯೋಗವಿದೆ, ಅಮೆರಿಕವನ್ನು ಹೊಗಳುವ, ತೆಗಳುವ ಬರಹಗಳನ್ನು ಇಟ್ಟುಕೊಂಡು ಮಾಡಿದ್ದು. ಸಾವು ನೆನಪಾದವರು ಹೊಗಳಿದವನ ಕಡೆಗೆ ಹೆಚ್ಚು ವಾಲಿದ್ದರು. ಅದನ್ನು 21 ಪ್ರಯೋಗಾಲಯಗಳು ಮತ್ತೆ ಮಾಡಿ ನೋಡಿದವು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಪರಿಣಾಮ ಕಾಣಲೇ ಇಲ್ಲ. ಹೋದ ಸಲ ನಾನು ಇದನ್ನು ಬರೆಯದೇ ಬಿಟ್ಟಿದ್ದು ತಪ್ಪು.

ನಿಮ್ಮ ಮಾತಿಗೂ ಆಧಾರವಿದೆ. 1992ರ ಪ್ರಯೋಗವೊಂದರಲ್ಲಿ ಕೆಲವರಿಗೆ ಸಹನೆ ದೊಡ್ಡ ಗುಣ ಎಂದು ಮೊದಲೇ ನೆನಪಿಸಿದ್ದರು. ಅವರೂ ತಮ್ಮ ಸಾವಿನ ಬಗ್ಗೆ ಬರೆದರು. ಆಮೇಲೆ ತಮ್ಮ ದೇಶವನ್ನು ತೆಗಳಿದವನ ಮಾತು ಓದಿದರು. ಅವನ ಮೇಲೆ ಅವರ ಸಿಟ್ಟು ಏರಲಿಲ್ಲ.

– ಸಂಪಾದಕ