ಮರ್ಯಾದಾ ಹತ್ಯೆಗೆ ಷರಿಯತ್ತಿನ ಸಮ್ಮತಿ ಇದೆಯೇ?

ಮಗಳನ್ನು ಕೊಂದ ತಂದೆಗೆ ಷರಿಯತ್ ರಕ್ಷಣೆ ನೀಡುತ್ತದೆಯೇ ಎಂದು ಕೇಳಿದ್ದೀರಿ. ಅನುಮತಿಯಂತೂ ಇಲ್ಲ, ಶಿಕ್ಷೆಯ ವಿಷಯ ಮಾತ್ರ ಅಷ್ಟು ಸರಳವಲ್ಲ. ಕುರ್‌ಆನಿನ 24ನೇ ಅಧ್ಯಾಯವು ವ್ಯಭಿಚಾರದ ಆರೋಪಕ್ಕೆ ನಾಲ್ವರು ಸಾಕ್ಷಿಗಳನ್ನು ಕೇಳುತ್ತದೆ, ಸಾಕ್ಷಿ ತರದೆ ಆರೋಪಿಸಿದವನಿಗೆ 80 ಛಡಿಯೇಟು ವಿಧಿಸುತ್ತದೆ, ಬೇರೆ ಸಾಕ್ಷಿಯಿಲ್ಲದ ಗಂಡನಿಗೂ ಪ್ರಮಾಣ ಮಾಡುವ ದಾರಿಯನ್ನಷ್ಟೇ ಬಿಡುತ್ತದೆ. ಹೆಂಡತಿ ಪ್ರತಿಯಾಗಿ ಪ್ರಮಾಣ ಮಾಡಿದರೆ ಆಕೆಗೆ ಶಿಕ್ಷೆಯೇ ಇಲ್ಲ.

ತೊಡಕಿರುವುದು ಕಿಸಾಸ್ ನಿಯಮದಲ್ಲಿ, ಅಂದರೆ ಜೀವಕ್ಕೆ ಪ್ರತಿಯಾಗಿ ಜೀವ ಎಂಬ ದಂಡನೆಯ ನಿಯಮದಲ್ಲಿ. ಕೊಲೆಗಾರನನ್ನು ಕ್ಷಮಿಸುವ ಹಕ್ಕು ಅಲ್ಲಿ ಸತ್ತವರ ವಾರಸುದಾರರದು. ಸಾಲದೆಂಬಂತೆ, ಮಗುವನ್ನು ಕೊಂದ ತಂದೆಗೆ ಮರಣದಂಡನೆಯಿಲ್ಲ ಎಂಬುದು ಹೆಚ್ಚಿನ ಶಾಸ್ತ್ರೀಯ ಪಂಥಗಳ ನಿಲುವು. 1990ರಲ್ಲಿ ಪಾಕಿಸ್ತಾನ ಇದನ್ನು ಸುಗ್ರೀವಾಜ್ಞೆಯ ಮೂಲಕ ಜಾರಿಗೆ ತಂದಾಗ, ಇಂಥ ಪ್ರಕರಣಗಳಲ್ಲಿ ಕೊಂದವನೂ ಕ್ಷಮಿಸುವವರೂ ಒಂದೇ ಮನೆಯವರಾದರು. ಅಲ್ಲಿನ ಸಾಮಾಜಿಕ ಜಾಲತಾಣದ ತಾರೆ ಕಂದೀಲ್ ಬಲೋಚ್ ಸಹೋದರನಿಂದಲೇ ಹತರಾದ ಬಳಿಕ ಬಂದ 2016ರ ತಿದ್ದುಪಡಿಯು, ಕ್ಷಮೆ ಸಿಕ್ಕರೂ ಜೀವಾವಧಿ ಶಿಕ್ಷೆ ಕಡ್ಡಾಯ ಎಂದಿತು. ಆದರೂ ಆತ 2022ರಲ್ಲಿ ಲಾಹೋರ್ ಹೈಕೋರ್ಟಿನಿಂದ ಬಿಡುಗಡೆಯಾದ. ಕೊಲೆ ತಿದ್ದುಪಡಿಗಿಂತ ಮುಂಚಿನದು, ತಾಯಿ ಕ್ಷಮಿಸಿದ್ದರು.

ಇನ್ನು, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಡತಿಯನ್ನೋ ಮನೆಯ ಹೆಣ್ಣನ್ನೋ ಕೊಂದವನಿಗೆ ಶಿಕ್ಷೆಯಲ್ಲಿ ರಿಯಾಯಿತಿ ಕೊಡುವ ಜೋರ್ಡಾನಿನ ದಂಡಸಂಹಿತೆಯ 340ನೇ ವಿಧಿಯನ್ನು ಷರಿಯತ್ತಿನ ಖಾತೆಗೆ ಬರೆಯುವುದು ನನ್ನ ದೃಷ್ಟಿಯಲ್ಲಿ ತಪ್ಪು. ಅದು ಒಟ್ಟೋಮನ್ ಸಂಹಿತೆಯ ಮೂಲಕ ಬಂದದ್ದು 1810ರ ಫ್ರೆಂಚ್ ದಂಡಸಂಹಿತೆಯ 324ನೇ ವಿಧಿಯಿಂದ.