‘ಬ್ಲೇಡ್ಸ್ ಇನ್ ದ ಡಾರ್ಕ್’ ಪುಸ್ತಕ ಮಾರುವ ಮುಂಚೆ

ಇದು ಕಳ್ಳರ ಗುಂಪಿನ ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ನಿಯಮಪುಸ್ತಕ. ಆಡಲು ಕೂತಾಗ ಎರಡು ಗಂಟೆ ಬರೀ ಯೋಜನೆಯಲ್ಲೇ ಹೋಗಿ ಕಳ್ಳತನ ಶುರುವೇ ಆಗಲಿಲ್ಲ ಅಂದರೆ, ಬಹುಶಃ ನೀವು ಎಂಗೇಜ್‌ಮೆಂಟ್ ರೋಲ್ (ಕಳ್ಳತನ ಯಾವ ಸ್ಥಿತಿಯಲ್ಲಿ ಶುರುವಾಗುತ್ತದೆ ಎಂದು ತೀರ್ಮಾನಿಸುವ ದಾಳದ ಎಸೆತ) ಬಿಟ್ಟಿದ್ದೀರಿ. ಪುಸ್ತಕದ ಜೀವ ಇರುವುದೇ ಅದರಲ್ಲಿ, ಈಗಲೇ ಮಾರಬೇಡಿ.

ಮುಂದಿನ ಸಲ ಆರು ಬಗೆಯ ಯೋಜನೆಗಳಲ್ಲಿ ಒಂದನ್ನು ಆರಿಸಿ, ಅದು ಕೇಳುವ ಒಂದೇ ವಿವರ ಹೇಳಿ. ಕದ್ದು ನುಸುಳುವುದಾದರೆ ಎಲ್ಲಿಂದ ಒಳಗೆ, ಅಷ್ಟೇ. ಪ್ರತಿಯೊಬ್ಬರೂ ತಮ್ಮ ಪಾತ್ರ ಒಯ್ಯುವ ಸಾಮಾನಿನ ಹೊರೆಯ ಮಿತಿ ಮಾತ್ರ ಹೇಳಲಿ: ಹಗುರ 3, ಸಾಧಾರಣ 5, ಭಾರ 6. ಯಾವ ಸಾಮಾನು ಎಂಬುದು ಬೇಕಾದಾಗ ತೀರ್ಮಾನ. ಆಮೇಲೆ ಎಂಗೇಜ್‌ಮೆಂಟ್ ರೋಲ್: 1 ದಾಳದಿಂದ ಶುರುಮಾಡಿ, ಅನುಕೂಲಕ್ಕೆ ಒಂದೊಂದು ಸೇರಿಸಿ, ಅಡ್ಡಿಗೆ ಒಂದೊಂದು ಕಳೆದು ಉರುಳಿಸಿ. ಅತಿ ಹೆಚ್ಚಿನ ಅಂಕಿ 1–3 ಆದರೆ ಸ್ಥಿತಿ ಡೆಸ್ಪರೇಟ್ (ತೀರಾ ಅಪಾಯ), 4–5 ರಿಸ್ಕಿ (ತುಸು ಅಪಾಯ), 6 ಕಂಟ್ರೋಲ್ಡ್ (ಹಿಡಿತದಲ್ಲಿ). ನೇರ ಕಳ್ಳತನದ ಆ ಕ್ಷಣಕ್ಕೇ ಜಿಗಿಯಿರಿ. ಬಿಟ್ಟುಹೋದ ಸಿದ್ಧತೆಗೆ ಫ್ಲ್ಯಾಶ್‌ಬ್ಯಾಕ್ (ಮೊದಲೇ ಮಾಡಿಟ್ಟಿದ್ದೆವು ಎಂದು ತೋರಿಸುವ ದೃಶ್ಯ) ಇದೆ: ಸರಳವಾದದ್ದಕ್ಕೆ 0 ಸ್ಟ್ರೆಸ್ (ಪಾತ್ರ ತೆರುವ ಒತ್ತಡದ ಅಂಕ), ತುಸು ಜಟಿಲಕ್ಕೆ 1, ಭಾರೀ ಏರ್ಪಾಟಿಗೆ 2 ಅಥವಾ ಹೆಚ್ಚು.

ಆಟ ನಡೆಯುವ ಡೋಸ್ಕ್‌ವೋಲ್ ನಗರದ ಅಧ್ಯಾಯ ಪೂರ್ತಿ ಓದಬೇಕಿಲ್ಲ. ಅಲ್ಲಿನ ಕ್ರೋಸ್ ಫೂಟ್ ಬಡಾವಣೆಯ ಲ್ಯಾಂಪ್‌ಬ್ಲ್ಯಾಕ್ಸ್, ರೆಡ್ ಸ್ಯಾಶಸ್, ಕ್ರೋಸ್ ಗುಂಪುಗಳ ಜಗಳ ಸಾಕು. ಆಟಗಾರರು ತಾವಾಗಿ ಒಂದು ಪಕ್ಷ ಹಿಡಿದರೆ ಸೆಟಿಂಗ್ ನಿಮಗೆ ಒಗ್ಗಿದೆ. ಇಷ್ಟಾದರೂ ಯೋಜನೆಯೇ ನಮ್ಮ ಖುಷಿ ಎನ್ನುವ ಗುಂಪಾದರೆ, ಆಗ ಮಾರಿ.